ಕೊಟ್ಟೆಯೊಳಗಿನ ಕ್ಯಾಮೆರಾ ನೇತ್ರಾಣಿಯಲ್ಲಿ ಮುಳುಗಬಹುದೇ?

ಪ್ರಶ್ನೆ: ನಾನು ಶಿರಸಿ ಸಮೀಪದ ಹಳ್ಳಿಯವನು. ಅಡಿಕೆ ತೋಟ ಇದೆ, ಬಿಡುವಿನಲ್ಲಿ ಫೋಟೋ ತೆಗೆಯುವ ಹುಚ್ಚು. ಕ್ಯಾನನ್ 1500ಡಿ ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಲೆನ್ಸ್ ಇದೆ. ಜನವರಿಯಲ್ಲಿ ಮನೆಯವರೆಲ್ಲ ಮುರ್ಡೇಶ್ವರಕ್ಕೆ ಹೊರಟಿದ್ದೇವೆ. ನಾನು, ನನ್ನ ಭಾವ ಇಬ್ಬರೂ ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಮೊದಲ ಸಲ ಸ್ಕೂಬಾ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯುವುದು) ಮಾಡುವವರು. ಆನ್‌ಲೈನ್‌ನಲ್ಲಿ 1,850 ರೂಪಾಯಿಗೆ ಡಿಎಸ್‌ಎಲ್‌ಆರ್ ಹಾಕುವ ವಾಟರ್‌ಪ್ರೂಫ್ ಚೀಲ ಸಿಗುತ್ತಿದೆ. '20 ಮೀಟರ್ ಆಳದವರೆಗೆ' ಎಂದು ಬರೆದಿದೆ. ಭಾವ ತಗೋ ಅನ್ನುತ್ತಾರೆ. ಅವರು 300 ರೂಪಾಯಿಯ ಮೊಬೈಲ್ ಪೌಚ್ ಹಾಕಿಕೊಂಡು ಗೋಕರ್ಣದ ಓಂ ಬೀಚಿನಲ್ಲಿ ವಿಡಿಯೋ ತೆಗೆದಿದ್ದರು, ಏನೂ ಆಗಲಿಲ್ಲ. ಅಣ್ಣ ಮಾತ್ರ ದುಡ್ಡೂ ಹೋಗುತ್ತೆ, ಕ್ಯಾಮೆರಾನೂ ಹೋಗುತ್ತೆ ಅನ್ನುತ್ತಾನೆ. ಬಕೆಟ್ ನೀರಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು ನೋಡಿದರೆ ಸಾಕೇ? ಅಕಸ್ಮಾತ್ ನೀರು ಹೊಕ್ಕರೆ ಅಕ್ಕಿ ಡಬ್ಬಿಯಲ್ಲಿ ಇಟ್ಟರೆ ಸರಿಹೋಗುತ್ತದೆಯೇ? ಸಹಸ್ರಲಿಂಗದ ಹತ್ತಿರ ಶಾಲ್ಮಲೆ ಹೊಳೆಯಲ್ಲೂ ಮೀನಿನ ಫೋಟೋ ತೆಗೆಯುವ ಆಸೆ ಇದೆ.

ಉತ್ತರ:

ಮೊದಲು ತೀರ್ಪು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನೇತ್ರಾಣಿಯಲ್ಲಿ ನೀರಿಗಿಳಿಯುವಾಗ ಈ ಚೀಲ ಬೇಡ. ದೋಣಿಯ ಮೇಲೆ ಇರುವಷ್ಟು ಹೊತ್ತು ಖಂಡಿತ ಇರಲಿ. ಶಾಲ್ಮಲೆಗೆ ಚೀಲಕ್ಕಿಂತ ಒಳ್ಳೆಯ, ಅದಕ್ಕಿಂತ ಅಗ್ಗದ ಉಪಾಯ ಒಂದಿದೆ. ನಿಮ್ಮ ಅಣ್ಣ ಹೇಳಿದ್ದು ಅರ್ಧ ಸರಿ. ಭಾವ ಹೇಳಿದ್ದೂ ಸುಳ್ಳಲ್ಲ, ಆದರೆ ಅವರು ಬೇರೆಯದೇ ಪರೀಕ್ಷೆ ಪಾಸು ಮಾಡಿದ್ದಾರೆ.

ಕಾರವಾರದಲ್ಲಿ ಕ್ಯಾಮೆರಾ ರಿಪೇರಿ ಮಾಡುತ್ತ ನನಗೆ ಇಪ್ಪತ್ತು ವರ್ಷ ದಾಟಿತು. ನೀರು ಕುಡಿದ ಕ್ಯಾಮೆರಾ ತಿಂಗಳಿಗೊಂದಾದರೂ ಮೇಜಿಗೆ ಬರುತ್ತದೆ. ದೇವಬಾಗದಲ್ಲಿ ದೋಣಿಯಿಂದ ಇಳಿಯುವಾಗ ತೆರೆ ಬಡಿದದ್ದು, ಗಣೇಶಗುಡಿಯಲ್ಲಿ ರ್‍ಯಾಫ್ಟಿಂಗ್ ಮಾಡುವಾಗ ಬಿದ್ದದ್ದು, ಮಳೆಗಾಲದಲ್ಲಿ ಉಂಚಳ್ಳಿ ಜಲಪಾತದ ತುಂತುರಿನಲ್ಲಿ ನೆನೆದದ್ದು, ಹೀಗೆ. ಚೀಲದಲ್ಲಿ ಹಾಕಿ ನೀರಿಗಿಳಿಸಿದವರ ಕ್ಯಾಮೆರಾವೂ ಬರುತ್ತದೆ. ಅವರೆಲ್ಲರ ಮೊದಲ ಮಾತು ಒಂದೇ. 'ಸರ್, ಹೋದ ಸಲ ಏನೂ ಆಗಿರಲಿಲ್ಲ.'

ಇದನ್ನು ಸ್ವಲ್ಪ ಯೋಚಿಸಿ. ಅಗ್ಗದ ಚೀಲ ಅಂದ ತಕ್ಷಣ ಎಲ್ಲರೂ ಅದು ಮೊದಲ ದಿನವೇ ಸೋರುತ್ತದೆ ಎಂದು ಹೆದರುತ್ತಾರೆ. ಹಾಗೆ ಸೋರುವುದು ಕಡಿಮೆ. ಹೊಸದಿದ್ದಾಗ ಅದರ ಬೆಸುಗೆ ಗಟ್ಟಿ ಇರುತ್ತದೆ, ಬಾಯಿಯ ಪಟ್ಟಿ ಬಿಗಿಯಾಗಿ ಕೂರುತ್ತದೆ. ಒಂದೆರಡು ಸಲ ಬಳಸಿದ ಮೇಲೆ ನಮಗೆ ಧೈರ್ಯ ಬರುತ್ತದೆ. ಅಷ್ಟು ಹೊತ್ತಿಗೆ ಪ್ಲಾಸ್ಟಿಕ್‌ಗೆ ವಯಸ್ಸಾಗಿರುತ್ತದೆ. ಬಿಸಿಲಿಗೆ ಕಾದು, ಮಡಚಿದ ಕಡೆ ಗೆರೆ ಬಿದ್ದು, ಬೆಸುಗೆಯ ಮೂಲೆ ಬಿರುಸಾಗಿರುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ.

ನನಗೂ ಹಾಗೇ ಆಗಿದೆ. ಕುರುಮಗಡದ ಹತ್ತಿರ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಫೋಟೋ ತೆಗೆಯುತ್ತಿದ್ದೆ. ಚೀಲಕ್ಕೆ ಅದು ಮೂರನೆಯ ಪ್ರವಾಸ. ಬಾಯಿ ಮುಚ್ಚುವ ಪಟ್ಟಿಯ ಸಂದಿಯಲ್ಲಿ ಉಸುಕಿನ ಒಂದೇ ಒಂದು ಕಾಳು ಸಿಕ್ಕಿಕೊಂಡಿತ್ತು. ಒಳಗೆ ಹೋದ ನೀರು ಎರಡು ಚಮಚ ಇರಬಹುದು, ಅಷ್ಟೇ. ಕ್ಯಾಮೆರಾದ ಬ್ಯಾಟರಿ ಬಾಗಿಲು ಕೆಳಗಡೆ ಇರುತ್ತದಲ್ಲ, ನೀರು ಸೀದಾ ಅಲ್ಲಿಗೇ ಹೋಗಿ ನಿಂತಿತ್ತು. ರಿಪೇರಿ ಮಾಡುವವನ ಕ್ಯಾಮೆರಾ ಅಂತ ಉಪ್ಪುನೀರು ರಿಯಾಯಿತಿ ಕೊಡಲಿಲ್ಲ.

ಈಗ '20 ಮೀಟರ್' ವಿಷಯ. ಈ ಅಂಕಿ ಎಲ್ಲಿಂದ ಬಂತು ಎಂದು ಕೇಳಬೇಕು. ನೀರು ತಡೆಯುವ ಶಕ್ತಿಗೆ ಐಪಿ ಎಂಬ ಅಳತೆ ಇದೆ. ಐಪಿಎಕ್ಸ್7 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ. ಐಪಿಎಕ್ಸ್8 ಅಂದರೆ ಅದಕ್ಕಿಂತ ಕಠಿಣ ಪರೀಕ್ಷೆ, ಆದರೆ ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ತಯಾರಕರೇ ಹೇಳಬೇಕು. ಎರಡೂ ಪರೀಕ್ಷೆ ನಡೆಯುವುದು ಅಲುಗಾಡದ ಸಿಹಿನೀರಿನಲ್ಲಿ. ಅಲ್ಲಿ ತೆರೆ ಇಲ್ಲ, ಉಸುಕಿಲ್ಲ, ಚೀಲದೊಳಗೆ ಬೆರಳು ತೂರಿಸಿ ಬಟನ್ ಒತ್ತುವವರಿಲ್ಲ. ಇನ್ನೊಂದು ಹೋಲಿಕೆ ನೋಡಿ. ಕೊರಿಯಾದ ಡಿಕಾಪ್ಯಾಕ್ ಇಂಥ ಚೀಲಗಳಿಗೆ ಹೆಸರಾದ ಕಂಪನಿ. ತನ್ನ ಡಿಎಸ್‌ಎಲ್‌ಆರ್ ಚೀಲಕ್ಕೆ ಅದು ಹೇಳಿಕೊಳ್ಳುವುದು 5 ಮೀಟರ್ ಮಾತ್ರ. ಹೆಸರೇ ಇಲ್ಲದ 1,850 ರೂಪಾಯಿಯ ಚೀಲ 20 ಮೀಟರ್ ಅನ್ನುತ್ತದೆ ಅಂದರೆ, ನಾನಾದರೆ ಆ ಸೊನ್ನೆಯನ್ನು ಅಳಿಸಿ ಓದುತ್ತೇನೆ. ಹಾಗಂತ ಮೆತ್ತನೆಯ ಚೀಲವೆಂದರೆ ಆಟಿಕೆ ಅಂತಲೂ ಅಲ್ಲ. ಜರ್ಮನಿಯ ಇವಾ-ಮರೀನ್ ದಶಕಗಳಿಂದ ದಪ್ಪ ಪಿವಿಸಿ ಚೀಲ ಮಾಡುತ್ತಿದೆ. ಅದರ ಬಾಯಿಯನ್ನು ಎರಡು ಗಟ್ಟಿ ಪಟ್ಟಿಗಳ ನಡುವೆ ಇಟ್ಟು ಸ್ಕ್ರೂ ಬಿಗಿಯುತ್ತಾರೆ, ಲೆನ್ಸಿನ ಮುಂದೆ ನಿಜವಾದ ಗಾಜು ಇರುತ್ತದೆ. ಅದರ ಬೆಲೆಯೂ ಅದಕ್ಕೆ ತಕ್ಕಂತೆ.

ಆಳಕ್ಕೆ ಹೋದಾಗ ಚೀಲದಲ್ಲಿ ಏನಾಗುತ್ತದೆ? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಮುಕ್ಕಾಲು ಪಾಲು ತಪ್ಪು ತಿಳಿವಳಿಕೆ ಇಲ್ಲೇ ಇದೆ.

ನಾವು ದಡದಲ್ಲಿ ನಿಂತಾಗ ಮೈಮೇಲೆ ಒಂದು ವಾತಾವರಣದ ಒತ್ತಡ ಇರುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರ್‌ಗೆ ಸುಮಾರು ಅಷ್ಟೇ ಒತ್ತಡ ಸೇರುತ್ತ ಹೋಗುತ್ತದೆ. 10 ಮೀಟರ್ ಕೆಳಗೆ ಎರಡರಷ್ಟು, 20ರಲ್ಲಿ ಮೂರರಷ್ಟು. ಮೆತ್ತನೆಯ ಚೀಲದೊಳಗಿನ ಗಾಳಿ ಇದಕ್ಕೆ ಸರಿಯಾಗಿ ಕುಗ್ಗುತ್ತದೆ. 10 ಮೀಟರ್‌ನಲ್ಲಿ ಅರ್ಧ, 20 ಮೀಟರ್‌ನಲ್ಲಿ ಮೂರನೇ ಒಂದು ಪಾಲು. ಒಳಗೆ ಗಾಳಿ ಉಳಿದಿರುವ ತನಕ ಒಳಗಿನ ಒತ್ತಡ, ಹೊರಗಿನ ಒತ್ತಡ ಎರಡೂ ಸಮ. ಹಾಗಾಗಿ ಚೀಲ ಆ ಹಂತದಲ್ಲಿ ಅಷ್ಟೇನೂ ಕಷ್ಟಪಡುವುದಿಲ್ಲ. ಗಾಳಿಯ ಜಾಗ ಮುಗಿದು ಪ್ಲಾಸ್ಟಿಕ್ ಕ್ಯಾಮೆರಾಕ್ಕೆ ಅಂಟಿಕೊಂಡಾಗ ಆಟ ಬದಲಾಗುತ್ತದೆ. ಅಲ್ಲಿಂದ ಮುಂದೆ ಹೊರಗಿನ ನೀರು ನೇರವಾಗಿ ಕ್ಯಾಮೆರಾವನ್ನೇ ಅದುಮುತ್ತದೆ. ಶಟರ್ ಬಟನ್ ತಾನಾಗಿಯೇ ಒತ್ತಿಕೊಳ್ಳುತ್ತದೆ, ಇಲ್ಲವೇ ಒತ್ತಿದ್ದು ಮೇಲೆ ಬರುವುದಿಲ್ಲ. ಮೆನು ತೆರೆದುಕೊಂಡು ಕೂರುತ್ತದೆ. ನಿಮ್ಮ 18-55 ಲೆನ್ಸ್ ಫೋಕಸ್ ಮಾಡುವಾಗ ಮುಂದೆ-ಹಿಂದೆ ಸರಿಯುವ ಜಾತಿಯದು. ಮುಂದಿನ ಗಾಜನ್ನು ಚೀಲ ಅದುಮಿ ಹಿಡಿದರೆ ಅದರ ಸಣ್ಣ ಮೋಟಾರ್ ಒದ್ದಾಡುತ್ತದೆ. ಹಲ್ಲು ಸವೆದ ಗೇರ್ ಇರುವ ಇಂಥ ಲೆನ್ಸ್ ನಾನು ಬಿಚ್ಚಿದ್ದೇನೆ. ಒಳಗೆ ಒಂದು ಹನಿ ನೀರಿರಲಿಲ್ಲ.

'ಹಾಗಾದರೆ ಗಾಳಿ ಜಾಸ್ತಿ ಬಿಟ್ಟರಾಯಿತಲ್ಲ' ಅನ್ನಬಹುದು. ಒಂದು ಲೀಟರ್ ಗಾಳಿ ಸಮುದ್ರದಲ್ಲಿ ಒಂದು ಕಿಲೋಗಿಂತ ಚೂರು ಹೆಚ್ಚು ಭಾರವನ್ನು ಮೇಲಕ್ಕೆ ಎಳೆಯುತ್ತದೆ. ನಿಮ್ಮ ಕ್ಯಾಮೆರಾ, ಲೆನ್ಸ್ ಸೇರಿ 700 ಗ್ರಾಂ ಹತ್ತಿರ. ಎರಡು ಲೀಟರ್ ಗಾಳಿ ತುಂಬಿದ ಚೀಲ ಮೇಲಕ್ಕೆ ಜಗ್ಗುತ್ತಲೇ ಇರುತ್ತದೆ, ಚೆಂಡನ್ನು ಕೆರೆಯಲ್ಲಿ ಮುಳುಗಿಸಲು ಹೋದ ಹಾಗೆ. ಗಾಳಿ ಪೂರ್ತಿ ಹಿಂಡಿ ತೆಗೆದರೆ ಮುಳುಗಿಸುವುದು ಸುಲಭ, ಆದರೆ ಬೇಗ ಅಂಟಿಕೊಳ್ಳುತ್ತದೆ, ಕೈ ತಪ್ಪಿದರೆ ತಳ ಸೇರುತ್ತದೆ. ನಡುವಿನ ಹದ ಸಿಗುವುದು ಅಭ್ಯಾಸದಿಂದ. ಮೊದಲ ಸಲ ಸ್ಕೂಬಾಕ್ಕೆ ಇಳಿಯುವ ದಿನ ಆ ಅಭ್ಯಾಸಕ್ಕೆ ಹೇಳಿಸಿದ ದಿನವಲ್ಲ.

ಭಾವನ ಮೊಬೈಲ್ ಪೌಚ್ ಯಾಕೆ ಪಾಸಾಯಿತು ಅಂತಲೂ ಇದರಲ್ಲೇ ಗೊತ್ತಾಗುತ್ತದೆ. ಮೊಬೈಲ್ ಚಪ್ಪಟೆ. ಚಾಚುವ ಲೆನ್ಸಿಲ್ಲ, ಏರುವ ಇಳಿಯುವ ಬಟನ್ ಎರಡೋ ಮೂರೋ. ಓಂ ಬೀಚಿನಲ್ಲಿ ಅವರು ನಿಂತದ್ದು ಎದೆಮಟ್ಟದ ನೀರಿರಬಹುದು. ಇತ್ತೀಚಿನ ಎಷ್ಟೋ ಫೋನುಗಳಿಗೆ ತಮ್ಮದೇ ನೀರಿನ ರಕ್ಷಣೆಯೂ ಇರುತ್ತದೆ, ಹಾಗಾಗಿ ಪೌಚಿನೊಳಗೆ ನಾಲ್ಕು ಹನಿ ಹೋಗಿದ್ದರೂ ಯಾರಿಗೂ ಗೊತ್ತಾಗಿರುವುದಿಲ್ಲ. ನಿಮ್ಮ 1500ಡಿಗೆ ಅಂಥ ರಕ್ಷಣೆ ಇಲ್ಲವೇ ಇಲ್ಲ. ಹನಿ ಬಿದ್ದರೆ ಒಳಗೆ.

ಅಂದ ಹಾಗೆ, ಚೀಲ ಸೋರುವುದು ಆಳದಲ್ಲೇ ಎಂಬುದೂ ಪೂರ್ತಿ ನಿಜವಲ್ಲ. ನನ್ನ ಮೇಜಿಗೆ ಬಂದವುಗಳಲ್ಲಿ ಹೆಚ್ಚಿನವು ದಡದಲ್ಲೇ ಕೆಟ್ಟವು. ತೆರೆ ಒಡೆಯುವ ಜಾಗದಲ್ಲಿ ನೀರು ಸುಮ್ಮನೆ ನಿಂತಿರುವುದಿಲ್ಲ, ಬಡಿಯುತ್ತದೆ. ಆ ಹೊಡೆತ ಬಾಯಿಯ ಪಟ್ಟಿಯನ್ನು ಕ್ಷಣ ಹೊತ್ತು ಸಡಿಲ ಮಾಡಿದರೂ ಸಾಕು. ಇನ್ನು ಕೆಲವು ಕೆಟ್ಟದ್ದು ನೀರಿನಿಂದ ಮೇಲೆ ಬಂದ ಮೇಲೆ! ಫೋಟೋ ಹೇಗೆ ಬಂದಿದೆ ನೋಡುವ ಆತುರ. ಒದ್ದೆ ಕೈ, ಒದ್ದೆ ಕೂದಲು, ಚೀಲದ ಬಾಯಿಯ ಮೇಲೆ ನಿಂತ ನೀರು. ತೆರೆದ ಕೂಡಲೇ ಅಷ್ಟೂ ಒಳಗೆ.

ಬಕೆಟ್ ಪರೀಕ್ಷೆಯ ಬಗ್ಗೆ ಕೇಳಿದ್ದೀರಿ. ಮಾಡಿ, ಅದರಿಂದ ದೊಡ್ಡ ತೂತಿದ್ದರೆ ಗೊತ್ತಾಗುತ್ತದೆ. ಆದರೆ ಬಕೆಟ್‌ನಲ್ಲಿರುವುದು ಒಂದಡಿ ನೀರು, ರಾತ್ರಿಯೆಲ್ಲ ಇಟ್ಟರೂ ಅದು ಒಂದಡಿಯೇ. ನಿಮ್ಮ ತೋಟದಲ್ಲಿ ಬಾವಿ ಇದ್ದೇ ಇರುತ್ತದೆ. ಚೀಲದೊಳಗೆ ಬಟ್ಟೆ ಸುತ್ತಿದ ಕಲ್ಲು ಹಾಕಿ, ಮುಳುಗುವಷ್ಟು ಭಾರ ಇರಲಿ. ಮೂಲೆ ಮೂಲೆಗೆ ಒಣ ಟಿಶ್ಯೂ ಪೇಪರ್ ಇಡಿ, ಒಂದು ಖಾಲಿ ಬೆಂಕಿಪೆಟ್ಟಿಗೆಯನ್ನೂ ಹಾಕಿ. ಹಗ್ಗ ಕಟ್ಟಿ, ನೀರಿನ ಮಟ್ಟದಿಂದ 15-20 ಅಡಿ ಕೆಳಗಿಳಿಸಿ ಅರ್ಧ ಗಂಟೆ ಬಿಡಿ. ಮೇಲೆ ತೆಗೆದು, ಹೊರಗೆ ಪೂರ್ತಿ ಒರೆಸಿ, ಆಮೇಲೆ ತೆರೆದು ನೋಡಿ. ಟಿಶ್ಯೂ ಒದ್ದೆಯಾಗಿದ್ದರೆ ಮಾತು ಮುಗಿಯಿತು. ಬೆಂಕಿಪೆಟ್ಟಿಗೆ ಅಪ್ಪಚ್ಚಿಯಾಗಿದ್ದರೆ ನಿಮ್ಮ ಲೆನ್ಸಿಗೂ ಅದೇ ಮರ್ಯಾದೆ ಸಿಗಲಿತ್ತು ಎಂದು ಅರ್ಥ. ಎರಡೂ ಸರಿ ಇದ್ದರೆ, ಆ ಹೊತ್ತಿನಲ್ಲಿ, ಅಲುಗಾಡದ ಸಿಹಿನೀರಿನಲ್ಲಿ, ಅಷ್ಟು ಆಳಕ್ಕೆ ಚೀಲ ತಡೆಯಿತು. ಅದಕ್ಕಿಂತ ಹೆಚ್ಚಿನ ಅರ್ಥ ಅದಕ್ಕಿಲ್ಲ. ಪ್ರತಿ ಸಲ ಹೋಗುವ ಮುಂಚೆಯೂ ಇದನ್ನು ಮಾಡಬೇಕು.

ಇನ್ನು ನೇತ್ರಾಣಿ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್, ದೋಣಿಯಲ್ಲಿ ಒಂದು-ಒಂದೂವರೆ ಗಂಟೆ. ಮೊದಲ ಸಲದವರನ್ನು 12 ಮೀಟರ್‌ಗಿಂತ ಕೆಳಗೆ ಕರೆದೊಯ್ಯುವುದಿಲ್ಲ. ಹಾಗಾದರೂ ಆ ಆಳ ನಿಮ್ಮ ಚೀಲವನ್ನು ನಾನು ನಂಬುವ ಮಟ್ಟ ದಾಟಿ ಎಷ್ಟೋ ಕೆಳಗಿದೆ. ಅದಕ್ಕಿಂತ ದೊಡ್ಡ ಕಾರಣ ಬೇರೆ. ಮೊದಲ ಸಲ ಇಳಿದಾಗ ಬಾಯಿಂದ ಉಸಿರಾಡುವುದೇ ಒಂದು ಕೆಲಸ. ಕಿವಿಗೆ ಒತ್ತಡ ಬಂದಾಗ ಮೂಗು ಹಿಡಿದು ಮೆತ್ತಗೆ ಗಾಳಿ ಊದಿ ಸರಿ ಮಾಡಿಕೊಳ್ಳುತ್ತಿರಬೇಕು, ಅದಕ್ಕೆ ಒಂದು ಕೈ ಬೇಕು. ಜೊತೆಗಿರುವ ತರಬೇತುದಾರರಿಗೆ ಸನ್ನೆ ಮಾಡಲು ಇನ್ನೊಂದು ಕೈ. ಮೇಲಕ್ಕೆ ಜಗ್ಗುವ ಚೀಲವನ್ನು ಯಾವ ಕೈಯಲ್ಲಿ ಹಿಡಿಯುತ್ತೀರಿ? ಕ್ಯಾಮೆರಾ ಕೈ ತಪ್ಪಿತೆಂದು ಅದರ ಹಿಂದೆ ಸರ್ರನೆ ಮೇಲೆ ಹೋಗುವುದು ಶ್ವಾಸಕೋಶಕ್ಕೆ ನಿಜವಾದ ಅಪಾಯ. ಒಳಗಿನ ಗಾಳಿ ಮೇಲೆ ಬರುತ್ತ ಹಿಗ್ಗುತ್ತದೆ, ಚೀಲದ್ದೂ ಹಿಗ್ಗುತ್ತದೆ, ನಿಮ್ಮ ಎದೆಯೊಳಗಿನದ್ದೂ ಹಿಗ್ಗುತ್ತದೆ. ಚೀಲ ಹೋದರೆ 1,850 ರೂಪಾಯಿ. ಬಹುಪಾಲು ತರಬೇತುದಾರರು ಮೊದಲ ಸಲದವರ ಕೈಗೆ ದೊಡ್ಡ ಕ್ಯಾಮೆರಾ ಕೊಡಲು ಒಪ್ಪುವುದೂ ಇಲ್ಲ, ಅವರು ಮಾಡುವುದು ಸರಿ. ಸಾಮಾನ್ಯವಾಗಿ ಅವರೇ ಸಣ್ಣ ಆಕ್ಷನ್ ಕ್ಯಾಮೆರಾದಲ್ಲಿ ನಿಮ್ಮ ವಿಡಿಯೋ, ಫೋಟೋ ತೆಗೆದುಕೊಡುತ್ತಾರೆ. ಬುಕ್ ಮಾಡುವಾಗಲೇ ಅದು ಸೇರಿದೆಯೇ ಕೇಳಿಕೊಳ್ಳಿ.

ಸರಿ, ಅಪಾಯವನ್ನೆಲ್ಲ ದಾಟಿ ಚೀಲ ಕೆಳಗೆ ಹೋಯಿತು ಅಂತಲೇ ಇಟ್ಟುಕೊಳ್ಳೋಣ. ಫೋಟೋ ಹೇಗೆ ಬರುತ್ತದೆ? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದ ಪ್ರಶ್ನೆ ಇದು.

ನೀರಿನಿಂದ ಬೆಳಕು ಚಪ್ಪಟೆ ಗಾಜು ದಾಟಿ ಗಾಳಿಗೆ ಬರುವಾಗ ಬಾಗುತ್ತದೆ. ಹಾಗಾಗಿ ನಾಲ್ಕಡಿ ದೂರದ ಮೀನು ಮೂರೇ ಅಡಿಯಲ್ಲಿದ್ದಂತೆ, ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ನಿಮ್ಮ 18 ಎಂಎಂ ಲೆನ್ಸ್ ನೀರೊಳಗೆ 24 ಎಂಎಂನಂತೆ ವರ್ತಿಸುತ್ತದೆ, ಅಂದರೆ ಅಗಲ ಕಡಿಮೆ. ಇಡೀ ಬಂಡೆ, ಅದರ ಸುತ್ತ ಮೀನಿನ ಹಿಂಡು ಬೇಕೆಂದರೆ ಹಿಂದೆ ಸರಿಯಬೇಕು. ಹಿಂದೆ ಸರಿದಷ್ಟೂ ನಡುವಿನ ನೀರು ಜಾಸ್ತಿ, ಫೋಟೋ ಮಸುಕು. ಮೂಲೆಗಳಲ್ಲಿ ಬಣ್ಣ ಒಡೆಯುತ್ತದೆ. ಕ್ಯಾಮೆರಾ ಒಳಗಿಡುವ ದುಬಾರಿ ಗಟ್ಟಿ ಪೆಟ್ಟಿಗೆಗಳ, ಅಂದರೆ ಹೌಸಿಂಗ್‌ಗಳ ಮುಂದೆ ಅರ್ಧ ಗೋಳದಂಥ ಗಾಜು ಇಡುವುದು ಇದೇ ಕಾರಣಕ್ಕೆ. ಅಗ್ಗದ ಚೀಲದಲ್ಲಿ ಎಷ್ಟೋ ಸಲ ಗಾಜೂ ಇರುವುದಿಲ್ಲ, ತೆಳು ಪ್ಲಾಸ್ಟಿಕ್ ಹಾಳೆ, ಅದೂ ಸುಕ್ಕು.

ಬಣ್ಣದ ಕಥೆ ಇನ್ನೂ ಬೇರೆ. ನೀರು ಮೊದಲು ನುಂಗುವುದು ಕೆಂಪನ್ನು. ನಾಲ್ಕೈದು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಮಂಕಾಗುತ್ತದೆ, ಆಮೇಲೆ ಕಿತ್ತಳೆ, ಹಳದಿ. ಉಳಿಯುವುದು ಹಸಿರು-ನೀಲಿ. ಕ್ಯಾಮೆರಾದ ತಲೆಯ ಮೇಲಿನ ಫ್ಲ್ಯಾಶ್ ಬಿಡೋಣವೆಂದರೆ ಚೀಲದೊಳಗೆ ಅದು ಏಳಲು ಜಾಗವೇ ಇಲ್ಲ. ಎದ್ದರೂ ಬೆಳಕು ಪ್ಲಾಸ್ಟಿಕ್‌ಗೆ ಬಡಿದು ವಾಪಸ್ ಬರುತ್ತದೆ, ನೀರಿನ ದೂಳಿನ ಕಣಗಳೆಲ್ಲ ಬಿಳಿ ಚುಕ್ಕೆಯಾಗಿ ಹೊಳೆಯುತ್ತವೆ.

ಮತ್ತೆ ಹಬೆ. ನಮ್ಮ ಕರಾವಳಿಯ ಗಾಳಿಯಲ್ಲಿ ಎಷ್ಟು ಪಸೆ ಇರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ, ಘಟ್ಟ ಇಳಿದ ಕೂಡಲೇ ಅಂಗಿ ಬೆನ್ನಿಗೆ ಅಂಟುತ್ತದಲ್ಲ. ಆ ಗಾಳಿಯನ್ನೇ ಕ್ಯಾಮೆರಾ ಜೊತೆ ಚೀಲದಲ್ಲಿ ಮುಚ್ಚಿ, ದೋಣಿಯ ಮೇಲೆ ಬಿಸಿಲಿಗಿಟ್ಟು, ಆಮೇಲೆ ತಣ್ಣನೆಯ ನೀರಿಗೆ ಇಳಿಸಿದರೆ ಒಳಗಡೆ ಗಾಜಿನ ಮೇಲೆ ಹನಿ ಕಟ್ಟುತ್ತದೆ. ನೀರೊಳಗೆ ಅದನ್ನು ಒರೆಸುವ ದಾರಿ ಇಲ್ಲ. ಜನವರಿ ಬೆಳಿಗ್ಗೆ ಶಾಲ್ಮಲೆಯ ನೀರು ಸಮುದ್ರಕ್ಕಿಂತ ತಣ್ಣಗಿರುತ್ತದೆ, ಅಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಇದಕ್ಕೆ ಮದ್ದು ಇದೆ. ಎಸಿ ಹಾಕಿದ ಕೋಣೆಯಲ್ಲೋ ಕಾರಿನಲ್ಲೋ ಅರ್ಧ ಗಂಟೆ ಕ್ಯಾಮೆರಾ, ಚೀಲ ಎರಡನ್ನೂ ತೆರೆದಿಟ್ಟು ಅಲ್ಲೇ ಮುಚ್ಚಿ. ಬಟ್ಟೆಯ ಸಣ್ಣ ಗಂಟಿನಲ್ಲಿ ಪಸೆ ಹೀರುವ ಸಿಲಿಕಾ ಜೆಲ್ ಹಾಕಿಡಿ. ಆಮೇಲೆ ನೆರಳಿನಲ್ಲಿ ಇಡಿ. ಹೊರಗೆ ಬಂದಾಗ ಚೀಲದ ಹೊರಮೈಗೆ ಹನಿ ಕಟ್ಟಿದರೆ ಹೆದರಬೇಡಿ, ಒರೆಸಿದರಾಯಿತು.

ಹಾಗಾದರೆ ಈ ಚೀಲ ಯಾತಕ್ಕೆ ಒಳ್ಳೆಯದು? ದೋಣಿಗೆ. ನೇತ್ರಾಣಿಗೆ ಹೋಗುವಾಗ ಗಾಳಿ ಎದುರಿದ್ದರೆ ಮೂತಿಯಲ್ಲಿ ಕೂತವರಿಗೆ ಸ್ನಾನ ಗ್ಯಾರಂಟಿ. ಕ್ಯಾಮೆರಾ ಚೀಲದಲ್ಲಿದ್ದರೆ ನಿಶ್ಚಿಂತೆ. ಮಳೆಗಾಲದಲ್ಲಿ ತೋಟಕ್ಕೆ, ಜಲಪಾತಕ್ಕೆ ಹೋದಾಗಲೂ ಅಷ್ಟೇ. ನಮ್ಮ ಮೀನುಗಾರರು ಮೊಬೈಲನ್ನು ಎರಡು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಗಂಟು ಹಾಕಿ ಇಟ್ಟುಕೊಳ್ಳುತ್ತಾರೆ. ಅದನ್ನು ಹಿಡಿದು ಅವರು ಮುಳುಗು ಹಾಕುವುದಿಲ್ಲ. ಚೀಲದ ಕೆಲಸವೂ ಅಷ್ಟೇ ಅಂತ ಇಟ್ಟುಕೊಳ್ಳಿ. ಮೊಣಕಾಲಿನಷ್ಟು ಶಾಂತ ನೀರಿನಲ್ಲಿ, ಒಂದೆರಡು ಅಡಿ ಕೆಳಗೆ ಹಿಡಿದು ನಾಲ್ಕು ಫೋಟೋ ತೆಗೆಯಲು ನನ್ನ ಅಭ್ಯಂತರವಿಲ್ಲ, ಆ ಕ್ಯಾಮೆರಾ ಹೋದರೂ ಪರವಾಗಿಲ್ಲ ಅನ್ನುವಂತಿದ್ದರೆ. ನಿಮ್ಮದು ಹಾಗೆ ಕಾಣುವುದಿಲ್ಲ. ಕ್ಯಾಮೆರಾ ಕಂಪನಿಯ ವಾರಂಟಿ ನೀರು ಹೊಕ್ಕರೆ ನಡೆಯುವುದಿಲ್ಲ. ಚೀಲದವರು ಹೆಚ್ಚೆಂದರೆ ಇನ್ನೊಂದು ಚೀಲ ಕೊಟ್ಟಾರು.

ಕಾರವಾರದ ಕಡೆಯೂ ಬರುವುದಿದ್ದರೆ ಒಂದು ಮಾತು. ಅರಗಾ, ಬಿಣಗಾ ಸುತ್ತ ನೌಕಾನೆಲೆ ಇದೆ. ಅಲ್ಲಿ ಕ್ಯಾಮೆರಾ ಎತ್ತಬೇಡಿ.

ನೀರೊಳಗಿನ ಫೋಟೋ ಬೇಕೇ ಬೇಕು ಅಂದರೆ ದಾರಿಗಳಿವೆ. ಆಕ್ಷನ್ ಕ್ಯಾಮೆರಾ ಮೊದಲನೆಯದು. ಗೋಪ್ರೊ ಹೀರೊ 5ರಿಂದ ಈಚಿನ 'ಹೀರೊ ಬ್ಲ್ಯಾಕ್' ಕ್ಯಾಮೆರಾಗಳು ಬರಿಮೈಯಲ್ಲೇ 10 ಮೀಟರ್ ತನಕ ಹೋಗುತ್ತವೆ, ಡೈವ್ ಹೌಸಿಂಗ್ ಹಾಕಿದರೆ ಇನ್ನೂ ಕೆಳಗೆ. ಅಗಲ ನೋಟ, ಕೈಯಲ್ಲಿ ಹಿಡಿಯುವುದು ಸುಲಭ. ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಬ್ಯಾಟರಿ ಬಾಗಿಲಿನ ರಬ್ಬರ್ ಪಟ್ಟಿಯನ್ನು ಉಗುರಿನಿಂದ ಸವರಿ ನೋಡಿ. ಸೀಳಿದ್ದರೆ ಬಿಟ್ಟುಬಿಡಿ. ಎರಡನೆಯದು ನೀರಿಗಾಗಿಯೇ ಮಾಡಿದ ಸಣ್ಣ ಕ್ಯಾಮೆರಾ. ಒಲಿಂಪಸ್ ಟಿಜಿ-6, ಅದರ ಮುಂದಿನ ಟಿಜಿ-7 ಇವೆಲ್ಲ 15 ಮೀಟರ್ ತನಕ ಹೋಗುತ್ತವೆ. ತೀರ ಹತ್ತಿರದ ಸಣ್ಣ ಜೀವಿಗಳನ್ನು ಬಹಳ ಚೆಂದ ತೆಗೆಯುತ್ತವೆ, ರಾ ಫೈಲೂ (ಆಮೇಲೆ ಬಣ್ಣ ತಿದ್ದಲು ಅನುಕೂಲವಾದ, ಕುಗ್ಗಿಸದ ಮೂಲ ಫೋಟೋ) ಕೊಡುತ್ತವೆ. ಬೆಲೆ ನಿಮ್ಮ ಡಿಎಸ್‌ಎಲ್‌ಆರ್‌ಗಿಂತ ಕಡಿಮೆಯೇನಲ್ಲ. ಮೂರನೆಯದು ಗಟ್ಟಿ ಹೌಸಿಂಗ್. ಪ್ರತಿ ಮಾಡೆಲ್‌ಗೂ ಬೇರೆ ಬೇರೆ ಮಾಡಬೇಕಾದ್ದರಿಂದ ದುಬಾರಿ, ಅಲ್ಯೂಮಿನಿಯಂದು ಲಕ್ಷ ದಾಟುತ್ತದೆ. ಅದಕ್ಕೂ ನೀರು ತಡೆಯುವ ರಬ್ಬರ್ ಬಳೆ, ಓ-ರಿಂಗ್ ಇದೆ, ಅದರ ಮೇಲೂ ಒಂದು ಕೂದಲು ಕೂತರೆ ಕಥೆ ಮುಗಿಯಿತು. ನಿಮ್ಮ ಕ್ಯಾಮೆರಾಕ್ಕೆ ಅಷ್ಟು ಖರ್ಚು ಮಾಡುವುದು ಎಮ್ಮೆಗಿಂತ ಹಗ್ಗಕ್ಕೆ ಜಾಸ್ತಿ ಕೊಟ್ಟಂತೆ.

ಈಗ ಶಾಲ್ಮಲೆಗೆ ಬರೋಣ. ಮೀನು ಸಾಕುವ ಗಾಜಿನ ತೊಟ್ಟಿ ನೋಡಿದ್ದೀರಲ್ಲ, ಅಂಥದ್ದೊಂದು ಸಣ್ಣದು ತನ್ನಿ. ಒಂದಡಿ ಉದ್ದ, ಮುಕ್ಕಾಲು ಅಡಿ ಅಗಲ, ಒಂದಡಿ ಎತ್ತರ ಇದ್ದರೆ ಸಾಕು. ಕೆಲವು ನೂರು ರೂಪಾಯಿಯ ಮಾತು. ಹೊಳೆಯ ಮಡುವಿನಲ್ಲಿ ನೀರು ನಿಂತಂತಿರುವ ಕಡೆ ತೊಟ್ಟಿಯನ್ನು ಅರ್ಧ ಮುಳುಗುವಂತೆ ಒತ್ತಿ ಹಿಡಿದು, ಕ್ಯಾಮೆರಾವನ್ನು ಒಳಗಿಟ್ಟು, ಲೆನ್ಸನ್ನು ಮುಂದಿನ ಗಾಜಿಗೆ ತಾಗಿಸಿ ತೆಗೆಯಿರಿ. ಬಟನ್ ಕೈಗೆ ಸಿಗುತ್ತದೆ, ಹಬೆ ಕಟ್ಟಿದರೆ ಒರೆಸಬಹುದು, ಚೀಲದ ಸುಕ್ಕು ಇಲ್ಲ. ಅರ್ಧ ನೀರು, ಅರ್ಧ ಆಕಾಶ ಇರುವ ಫೋಟೋ ಕೂಡ ಬರುತ್ತದೆ. ಆದರೆ ತೊಟ್ಟಿ ಎಷ್ಟು ಮೇಲಕ್ಕೆ ದೂಡುತ್ತದೆ ಅಂತ ಮೊದಲೇ ತಿಳಿದಿರಲಿ. ಈ ಅಳತೆಯದನ್ನು ನಾಲ್ಕು ಇಂಚು ಮುಳುಗಿಸಿದರೆ ಏಳು ಕಿಲೋ ಹತ್ತಿರ. ತಳಕ್ಕೆ ಒಂದೆರಡು ಇಟ್ಟಿಗೆ, ಅದರ ಮೇಲೆ ದಪ್ಪ ಟವೆಲ್ ಹಾಸಿ, ಒಬ್ಬರು ಎರಡೂ ಕೈಯಲ್ಲಿ ಹಿಡಿದುಕೊಳ್ಳಲಿ. ಆ ಕೆಲಸಕ್ಕೆ ಭಾವ ಇದ್ದಾರಲ್ಲ. ಕ್ಯಾಮೆರಾದ ಪಟ್ಟಿ ನಿಮ್ಮ ಕೊರಳಲ್ಲೇ ಇರಲಿ. ಹರಿವು ಜೋರಿರುವ ಕಡೆ, ಪಾಚಿ ಬಂಡೆಯ ಮೇಲೆ ಈ ಸಾಹಸ ಬೇಡ. ಸಹಸ್ರಲಿಂಗದಲ್ಲಿ ನೀರು ಇಳಿದಾಗ ಲಿಂಗಗಳು ಕಾಲ ಬುಡದಲ್ಲೇ ಇರುತ್ತವೆ, ಅವುಗಳ ಮೇಲೆ ತೊಟ್ಟಿ ಊರಬೇಡಿ ಅಂತ ಊರಿನವರಾದ ನಿಮಗೆ ನಾನು ಹೇಳಬೇಕಿಲ್ಲ.

ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ನಡುವೆ ಹೋಗಿ, ಬೆಳಕು ನೀರಿನೊಳಗೆ ಇಳಿಯುವುದು ಆಗಲೇ. ರಾ ಫೈಲ್, ಫ್ಲ್ಯಾಶ್ ಬಂದ್, ಶಟರ್ ವೇಗ 1/250 ಸೆಕೆಂಡ್‌ಗಿಂತ ನಿಧಾನ ಬೇಡ. ಮೀನನ್ನು ಅಟ್ಟಿಸಿಕೊಂಡು ಹೋಗಬೇಡಿ. ತೊಟ್ಟಿ ಇಟ್ಟು ಹತ್ತು ನಿಮಿಷ ಸುಮ್ನೆ ಕೂತರೆ ಅವೇ ಗಾಜಿನ ಹತ್ತಿರ ಬರುತ್ತವೆ.

ಕೊನೆಗೆ ಅಕ್ಕಿ ಡಬ್ಬಿ. ಅಕ್ಕಿ ಕ್ಯಾಮೆರಾದೊಳಗಿನ ನೀರನ್ನು ಎಳೆದು ತೆಗೆಯುವುದಿಲ್ಲ. ತೆರೆದ ಗಾಳಿಯಲ್ಲಿ ಇಟ್ಟದ್ದಕ್ಕಿಂತ ಹೆಚ್ಚೇನೂ ಮಾಡುವುದಿಲ್ಲ, ಮೇಲಿಂದ ಅದರ ಹಿಟ್ಟಿನ ಪುಡಿ ಒಳಗೆ ಹೋಗಿ ಪಸೆಗೆ ಅಂಟಿಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಆ ಮೂರು ದಿನ ನೀವು ಏನೋ ಮಾಡುತ್ತಿದ್ದೇವೆ ಅಂದುಕೊಂಡು ಸುಮ್ಮನಿರುತ್ತೀರಿ. ಉಪ್ಪುನೀರು ಸುಮ್ಮನಿರುವುದಿಲ್ಲ. ಬ್ಯಾಟರಿ ಒಳಗಿದ್ದರೆ ಕರೆಂಟ್ ಹರಿಯುತ್ತ ತಾಮ್ರದ ಗೆರೆಗಳನ್ನು ಗಂಟೆಗಳ ಲೆಕ್ಕದಲ್ಲಿ ತಿನ್ನುತ್ತದೆ. ನಾನು ಬಿಚ್ಚಿದಾಗ ಹಸಿರು ಪುಡಿ ಉದುರುತ್ತದೆ.

ನೀರು ಹೊಕ್ಕಿತು ಅನ್ನಿಸಿದ ಕೂಡಲೇ ಬ್ಯಾಟರಿ ಕಿತ್ತು ಹೊರಗಿಡಿ. ಸ್ವಿಚ್ ಆನ್ ಮಾಡಿ 'ನಡೆಯುತ್ತಾ' ಅಂತ ನೋಡುವ ಚಪಲವೇ ಹೆಚ್ಚಿನ ಕ್ಯಾಮೆರಾಗಳನ್ನು ಕೊಂದಿರುವುದು. ಕಾರ್ಡ್ ತೆಗೆಯಿರಿ, ಫೋಟೋ ಸಾಮಾನ್ಯವಾಗಿ ಉಳಿದಿರುತ್ತದೆ. ಲೆನ್ಸ್ ಬೇರೆ ಮಾಡಿ, ಮುಚ್ಚಳಗಳನ್ನೆಲ್ಲ ತೆರೆದು, ನೀರು ಇಳಿಯುವಂತೆ ಬಗ್ಗಿಸಿಡಿ. ಒಳಗೆ ಹೋದದ್ದು ಸಮುದ್ರದ ನೀರು, ಅದೂ ಪೂರ್ತಿ ಮುಳುಗುವಷ್ಟು ಅನ್ನಿಸಿದರೆ, ಬ್ಯಾಟರಿ ತೆಗೆದ ಮೇಲೆ ಶುದ್ಧ ಕುಡಿಯುವ ನೀರಿನಲ್ಲಿ ಒಂದು ಸಲ ಅದ್ದಿ ಉಪ್ಪು ಬಿಡಿಸುವುದೇ ಮೇಲು ಎಂಬುದು ನನ್ನ ಅನುಭವ. ಇದನ್ನು ಕೇಳಿ ಎಲ್ಲರೂ ಹೌಹಾರುತ್ತಾರೆ. ಹೇಗೂ ಒದ್ದೆಯಾಗಿದೆ, ಉಪ್ಪು ಒಣಗಿ ಕೂತರೆ ನನ್ನ ಕೈಯಲ್ಲೂ ಆಗುವುದಿಲ್ಲ. ಎರಡು ಹನಿ ಮಾತ್ರ ಹೋಗಿದ್ದರೆ ಅದ್ದಬೇಡಿ, ಒರೆಸಿ ನೇರ ರಿಪೇರಿಯವರ ಹತ್ತಿರ ತನ್ನಿ, ಅದೇ ದಿನ. ಉಪ್ಪುನೀರು ಅಂತ ನಿಜ ಹೇಳಿ. ಕೆಲವರು ನಾಚಿಕೊಂಡು 'ಮಳೆ ಹನಿ ಬಿತ್ತು' ಅನ್ನುತ್ತಾರೆ, ಮುಚ್ಚಳ ತೆಗೆದರೆ ಉಸುಕು!

ಹೇರ್ ಡ್ರೈಯರ್, ಅಡಿಕೆ ಒಣಗಿಸುವ ಡ್ರೈಯರ್, ಒಲೆಯ ಮೇಲಿನ ಅಟ್ಟ ಯಾವುದೂ ಬೇಡ. ಬಿಸಿಗೆ ಅಂಟು ಬಿಡುತ್ತದೆ, ಲೆನ್ಸಿನ ಎಣ್ಣೆ ಹರಿದು, ಬೆಳಕು ಎಷ್ಟು ಬಿಡಬೇಕೆಂದು ತೆರೆದು ಮುಚ್ಚುವ ಒಳಗಿನ ಎಲೆಗಳಿಗೆ ಹತ್ತುತ್ತದೆ. ನೀವೇ ಸ್ಕ್ರೂ ಬಿಚ್ಚಲೂ ಹೋಗಬೇಡಿ. ಫ್ಲ್ಯಾಶ್‌ಗಾಗಿ ಕರೆಂಟ್ ಕೂಡಿಟ್ಟುಕೊಳ್ಳುವ ಕೆಪ್ಯಾಸಿಟರ್‌ನಲ್ಲಿ ಬ್ಯಾಟರಿ ತೆಗೆದ ಮೇಲೂ 300 ವೋಲ್ಟ್ ಹತ್ತಿರ ಉಳಿದಿರಬಹುದು. ನನಗೆ ಎರಡು ಸಲ ಹೊಡೆದಿದೆ. ಉಪ್ಪುನೀರು ಕುಡಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಬೇಡಿ, ಹೊರಗಡೆ, ಉರಿಯುವ ವಸ್ತು ಇಲ್ಲದ ಕಡೆ ಇಟ್ಟುಬಿಡಿ.

ಚೀಲವನ್ನು ದೋಣಿಗೆಂದು ತಗೊಂಡರೆ, ವಾಪಸ್ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಬಾಯಿ ತೆರೆದೇ ನೇತುಹಾಕಿ, ಮಡಚಬೇಡಿ. ಕ್ಯಾಮೆರಾವನ್ನು ಮಾತ್ರ ಅದರೊಳಗೇ ಬಿಟ್ಟು ಕಪಾಟಿಗೆ ಸೇರಿಸಬೇಡಿ. ಸಮುದ್ರದ ಪಸೆ, ನಿಮ್ಮ ಮಲೆನಾಡಿನ ಮಳೆಗಾಲ ಎರಡೂ ಸೇರಿದರೆ ಲೆನ್ಸಿನೊಳಗೆ ಫಂಗಸ್ ಬಲೆ ಹೆಣೆಯಲು ಒಂದು ಆಷಾಢ ಸಾಕು.